ಹೊರಡೋಕೆ ಇನ್ನು 23 ದಿನ. ಖುಷಿ ಆಗ್ತಿದೆ ಅನ್ನೋದೇ ಸಂಕಟ

ಮಲ್ನಾಡ್ ಮಿಸ್:
ಮಾಲ್ಡೀವ್ಸ್‌ನಲ್ಲಿ ಪಾಠ ಮಾಡಿ ಬಂದವರು ಯಾರಾದ್ರೂ ಇದ್ದೀರಾ? ನಾನು ತೀರ್ಥಹಳ್ಳಿ ಕಡೆಯವಳು, ವಯಸ್ಸು 36, ಇಲ್ಲೇ ಒಂದು ಖಾಸಗಿ ಹೈಸ್ಕೂಲಲ್ಲಿ 11 ವರ್ಷದಿಂದ ಗಣಿತ ಹೇಳ್ಕೊಡ್ತಿದೀನಿ. ಉತ್ತರದ ಕಡೆ ಒಂದು ದ್ವೀಪದ ಶಾಲೆಯಿಂದ ಎರಡು ವರ್ಷಕ್ಕೆ ಕೆಲಸ ಸಿಕ್ಕಿದೆ. ಸರ್ಟಿಫಿಕೇಟಿನ ಸೀಲು, ಪೊಲೀಸ್ ಕ್ಲಿಯರೆನ್ಸು, ಮೆಡಿಕಲ್ಲು ಎಲ್ಲಾ ಮುಗೀತು. ಬೆಂಗಳೂರಿಂದ ಮಾಲೆಗೆ ವಿಮಾನದಲ್ಲಿ ಸುಮಾರು ಎರಡು ಗಂಟೆ ಅಂತೆ. ನಮ್ಮೂರಿಂದ ಬೆಂಗಳೂರು ಮುಟ್ಟೋಕೇ ರಾತ್ರಿ ಪೂರ್ತಿ ಬಸ್ಸು!

ಮಗಳು ನಾಲ್ಕನೇ ಕ್ಲಾಸು. ಇವರ ಜೊತೆ, ಅತ್ತೆ ಜೊತೆ ಇಲ್ಲೇ ಇರ್ತಾಳೆ. ಕೇಳಿದವರಿಗೆಲ್ಲ ನಾನು ಹೇಳೋದು ಒಂದೇ ಮಾತು: ತೋಟಕ್ಕೆ ಎಲೆಚುಕ್ಕಿ ರೋಗ ಬಿತ್ತು, ಅಡಿಕೆ ಕೈಗೆ ಬರಲಿಲ್ಲ, ಮನೆ ಸಾಲ ಹಾಗೇ ಇದೆ, ಏನ್ ಮಾಡೋದು. ಸುಳ್ಳಲ್ಲ. ಆದ್ರೆ ಸಾಲ ಇಲ್ದಿದ್ರೂ ನಾನು ಅರ್ಜಿ ಹಾಕ್ತಿದ್ದೆ. ಅಪ್ಪನ ಮನೆಯಿಂದ ಗಂಡನ ಮನೆಗೆ ಬಂದವಳು ನಾನು, ಮಧ್ಯೆ ಒಂದು ಹಾಸ್ಟೆಲ್ಲನ್ನೂ ನೋಡಿಲ್ಲ. ನನ್ನದೇ ಒಂದು ಕೋಣೆ, ಅದರ ಬೀಗದ ಕೈ ನನ್ನ ಪರ್ಸಲ್ಲಿ ಅಂತ ನೆನೆಸಿಕೊಂಡ್ರೆ ಮೈ ಹಗುರ ಆಗತ್ತೆ. ಇದನ್ನ ಯಾರ ಹತ್ರ ಹೇಳಲಿ?

ಮೊನ್ನೆ ಅಡಿಕೆ ತೂಗೋ ತಕ್ಕಡಿ ಮೇಲೆ ಸೂಟ್‌ಕೇಸ್ ಇಟ್ವಿ. 34 ಕೆಜಿ. ಟಿಕೆಟ್ಟಲ್ಲಿ ಇರೋದು 30. ಅದನ್ನ ಇಳಿಸಿದ ಕೂಡಲೇ ಮಗಳು ಹತ್ತಿ ಕೂತಳು. “ನಾನು 25 ಅಷ್ಟೇ ಅಮ್ಮ. ಪುಸ್ತಕ, ಅಪ್ಪೆಮಿಡಿ ಭರಣಿ ಎಲ್ಲ ತೆಗೆದ್ರೆ ನನ್ನನ್ನೇ ಹಾಕ್ಕೋಬಹುದು.” ಎಲ್ಲರೂ ನಕ್ಕರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಅದೇ ರಾತ್ರಿ ಹತ್ತೂವರೆಗೆ ಫೋನಲ್ಲಿ ಆ ದ್ವೀಪದ ಮ್ಯಾಪ್ ದೊಡ್ಡದು ಮಾಡಿ ನೋಡ್ತಾ ಒಬ್ಬಳೇ ನಗ್ತಿದ್ದೆ. ನಿಮಗೂ ಹೀಗೆಲ್ಲ ಆಗಿತ್ತಾ?

ಇನ್ನೆರಡು ಸಣ್ಣ ಪ್ರಶ್ನೆ. ಅಮ್ಮ ಹೆಬ್ಬೆರಳುದ್ದದ ಹಿತ್ತಾಳೆ ಗಣಪತಿ ಕೊಟ್ಟಿದಾಳೆ, ಒಯ್ಯಬಹುದಾ? ಮೀನು-ಮಾಂಸ ತಿನ್ನಲ್ಲ, ಹೊಟ್ಟೆಪಾಡು ಹೇಗೆ?

ಉಪ್ಪುಗಾಳಿ:
ಗಣಪತಿನ ಮನೇಲೇ ಬಿಟ್ಟು ಹೋಗಿ ಮೇಡಂ. ಪೂಜೆಯ ವಿಗ್ರಹ ತರುವಂತಿಲ್ಲ ಅಂತ ಅಲ್ಲಿನ ಕಸ್ಟಮ್ಸ್ ನಿಯಮವೇ ಇದೆ. ಬಂದ ಮೊದಲ ದಿನವೇ ಏರ್‌ಪೋರ್ಟಲ್ಲಿ ಅಳೋದು ಬೇಡ.

ನಾನು ತೀರಾ ದಕ್ಷಿಣದ ಅಡ್ಡುವಿನಲ್ಲಿದ್ದೆ, ಭೂಮಧ್ಯರೇಖೆ ದಾಟಿ ಆಚೆ. ನಾಲ್ಕು ವರ್ಷ. ಅಕ್ಕಿ, ಬೇಳೆ, ಈರುಳ್ಳಿ, ಆಲೂಗಡ್ಡೆಗೆ ತೊಂದರೆ ಇಲ್ಲ. ಸೊಪ್ಪು-ತರಕಾರಿ ಮಾತ್ರ ದೋಣಿ ಬಂದಾಗ. ಗಾಳಿ-ಮಳೆ ಜೋರಾಗಿ ದೋಣಿ ತಡ ಆದ್ರೆ ಟೊಮೆಟೊ ಬದಲು ಹುಣಸೆಹಣ್ಣು. ಸಾರಿನ ಪುಡಿ ಜಾಸ್ತಿ ಇಟ್ಕೊಳ್ಳಿ, ಪುಸ್ತಕ ಕಡಿಮೆ ಮಾಡಿ. ಬೆಳಗ್ಗೆ ತಿಂಡಿಗೇ ಮೀನು ತಿನ್ನೋ ಊರು ಅದು. ನಿಮಗೂ ಪ್ರೀತಿಯಿಂದ ತಂದುಕೊಡ್ತಾರೆ, ಬೇಡ ಅನ್ನೋದನ್ನ ನಗ್ತಾ ಹೇಳೋಕೆ ಕಲೀಬೇಕು.

ಗಣಿತದವರು ಅಂದ್ರಲ್ಲ, ನಿಮಗೆ ಒಂದು ಮಜಾ ವಿಷಯ ಹೇಳ್ತೀನಿ. ಅಲ್ಲಿನವರ ದಿವೇಹಿ ಭಾಷೆ ಬರೆಯೋ ತಾನ ಲಿಪಿ ಬಲದಿಂದ ಎಡಕ್ಕೆ ಹೋಗತ್ತೆ. ಅದರ ಮೊದಲ ಒಂಬತ್ತು ಅಕ್ಷರ ಹುಟ್ಟಿರೋದು ಅರಬ್ಬಿ ಅಂಕಿಗಳಿಂದ. ಗೊತ್ತಾದ ದಿನ ನಾನು ಸ್ಟಾಫ್ ರೂಮಲ್ಲಿ ಎಲ್ಲರ ನೋಟ್‌ಬುಕ್ಕೂ ತಿರುವಿ ಹಾಕಿದ್ದೆ.

ಖುಷಿ ವಿಷಯ. ನನಗೂ ಆಗಿತ್ತು, ಮೊದಲ ಎರಡು ವಾರ ಹಬ್ಬ. ಆಮೇಲೆ ಬಂತು ಶುಕ್ರವಾರ. ಅಲ್ಲಿ ರಜೆ ಶುಕ್ರವಾರ-ಶನಿವಾರ. ನಮಾಜ್ ಮುಗಿದು ಊಟ ಆದ್ಮೇಲೆ ಇಡೀ ದ್ವೀಪ ಮಲಗಿರತ್ತೆ, ಮರಳು ಕಾದಿರತ್ತೆ, ಬೀಗದ ಕೈ ಪರ್ಸಲ್ಲೇ ಇರತ್ತೆ, ಹೋಗೋಕೆ ಮಾತ್ರ ಜಾಗ ಇರಲ್ಲ. ಆ ಹೊತ್ತಿಗೆ ಏನಾದ್ರೂ ಒಂದು ಕೆಲಸ ಇಟ್ಕೊಳ್ಳಿ. ಮತ್ತೆ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ನೀವು ಒಂಬತ್ತಕ್ಕೆ ಫೋನ್ ಮಾಡಿದ್ರೆ ಇಲ್ಲಿ ಒಂಬತ್ತೂವರೆ, ಮಗು ಮಲಗಿರತ್ತೆ. ನಾನು ಮೊದಲ ತಿಂಗಳು ಇದೇ ತಪ್ಪು ಮಾಡಿದೆ.

ಲೆಕ್ಕಿಗ:
ಸಂಬಳ ಅಲ್ಲಿನ ದುಡ್ಡು ರುಫಿಯಾದಲ್ಲೋ ಡಾಲರಲ್ಲೋ, ಕರಾರು ಪತ್ರ ನೋಡ್ಕೊಳ್ಳಿ. ಡಾಲರಿಗೆ 15.42 ರುಫಿಯಾ ಅನ್ನೋದು ಬ್ಯಾಂಕ್ ದರ. ಬ್ಯಾಂಕಲ್ಲಿ ಬೇಕಾದಷ್ಟು ಡಾಲರ್ ಸಿಗಲ್ಲ, ಹೊರಗೆ ಕೊಂಡ್ರೆ ಜಾಸ್ತಿ ಬೀಳತ್ತೆ. ಸಾಲದ ಕಂತಿಗೆ ಇದನ್ನೂ ಲೆಕ್ಕಕ್ಕೆ ಹಿಡೀರಿ.

ಮೇಷ್ಟ್ರ ಮಗ:
ನಾನು ಹೋದವನಲ್ಲ, ಬಿಟ್ಟುಹೋದವರ ಮಗ. ಅಪ್ಪ ಇಥಿಯೋಪಿಯಾದ ಗೊಂಡರ್‌ನಲ್ಲಿ ಮೇಷ್ಟ್ರಾಗಿದ್ದರು. ಆಗ ನಮ್ಮ ದೇಶದ ಮೇಷ್ಟ್ರುಗಳು ಅಲ್ಲಿಗೆ ತುಂಬ ಜನ ಹೋಗ್ತಿದ್ದರು. ನೀಲಿ ಏರ್‌ಮೇಲ್ ಕಾಗದ ತಿಂಗಳಿಗೊಂದು. “ಇಲ್ಲಿ ಇಂಜೆರಾ ಅಂತ ತಿಂತಾರೆ, ನಿಮ್ಮಮ್ಮ ಹಿಟ್ಟು ಹೆಚ್ಚು ಹುಳಿ ಬರಿಸಿದ ದಿನದ ದೋಸೆ ಹಾಗೆ, ಮಗುಚಿ ಹಾಕೋದಿಲ್ಲ” ಅಂತ ಒಂದರಲ್ಲಿ ಬರೆದಿದ್ದರು.

ಇನ್ನೊಂದರಲ್ಲಿ, ಈ ದೇಶದ ಕ್ಯಾಲೆಂಡರಿನಲ್ಲಿ ಹದಿಮೂರು ತಿಂಗಳು, ಈಗಿನ್ನೂ 1973 ಅಂತ ಇತ್ತು. ನಮ್ಮ ಮನೆ ಗೋಡೆ ಮೇಲೆ 1981. ನಾನು ಹುಟ್ಟಿದ್ದು 74ರಲ್ಲಿ. ಏಳು ವರ್ಷದ ತಲೆಗೆ ಹೊಳೆದದ್ದು ಇಷ್ಟು: ಅಪ್ಪ ನಾನಿಲ್ಲದ ಕಾಲಕ್ಕೆ ಹೋಗಿಬಿಟ್ಟಿದ್ದಾರೆ, ಅವರಿಗೆ ನಾನು ಯಾರು ಅಂತಾನೇ ಗೊತ್ತಿರಲ್ಲ. ಎರಡು ದಿನ ಊಟ ಬಿಟ್ಟೆ. ಯಾಕೆ ಅಂತ ಯಾರಿಗೂ ಹೇಳಲಿಲ್ಲ.

ಅಪ್ಪ ಅಲ್ಲಿ ಖುಷಿಯಾಗಿದ್ದರು ಅಂತ ಆಮೇಲೆ ಫೋಟೊ ನೋಡಿ ತಿಳೀತು. ನನಗೇನೂ ಸಿಟ್ಟಿಲ್ಲ. ನಿಮ್ಮ ಮಗಳಿಗೆ ಸಾಲದ ಕತೆ ಹೇಳಬೇಡಿ ತಂಗಿ, ಇನ್ನು ಅವಳು ಆ ಸಾಲ ತನ್ನಿಂದಲೇ ಅಂದ್ಕೋತಾಳೆ. ಹೋಗೋ ಆಸೆ ಇದೆ ಅಂತಲೇ ಹೇಳಿ.

ಮಲ್ನಾಡ್ ಮಿಸ್:
ಎಲ್ಲರಿಗೂ ಥ್ಯಾಂಕ್ಸ್. ಕರಾರಲ್ಲಿ ರುಫಿಯಾ ಅಂತಲೇ ಇದೆ, ಲೆಕ್ಕ ಮತ್ತೆ ಹಾಕ್ತೀನಿ. ಪುಸ್ತಕ ತೆಗೆದೆ, ಅಪ್ಪೆಮಿಡಿ ಮಾತ್ರ ಬಿಡಲ್ಲ.

ಮೊನ್ನೆ ರಾತ್ರಿ ಇವರಿಗೆ ನಿಜ ಹೇಳಿದೆ. “ಗೊತ್ತು ಬಿಡು, ಪಾತ್ರೆ ತೊಳೀವಾಗ ಹಾಡ್ತಿದೀಯ” ಅಂದ್ರು. ಮಗಳಿಗೆ ಹೇಳೋಕೆ ಒಂದು ದಿನ ಹಿಡೀತು. ಕೇಳಿಸ್ಕೊಂಡಳು, ಗಣಪತಿ ಯಾರಿಗೆ ಅಂದಳು, ನಿನಗೆ ಅಂದೆ. ಅರ್ಧ ಗಂಟೆ ವಿಷಯಾನೂ ಹೇಳಿದ್ದೆ. ಇವತ್ತು ಸ್ಟೂಲ್ ಹತ್ತಿ ನಡುಮನೆ ಗಡಿಯಾರ ಹಿಂದಕ್ಕೆ ತಿರುಗಿಸಿಟ್ಟು, ಸೀರಿಯಲ್ ತಪ್ಪಿಸಿದಳು ಅಂತ ಅತ್ತೆ ಹತ್ರ ಬೈಸ್ಕೊಂಡಿದಾಳೆ.