ಕಾಫಿಗೆ ಯಾಕೆ ಒಂದು ದೇವರಿಲ್ಲ?

ಪಾಳುಗದ್ದೆ (ಪ್ರಶ್ನೆ)

ನಮ್ಮದು ಕೊಡಗಿನ ಚೇರಂಬಾಣೆ ಕಡೆ. ಕಳೆದ ಹುತ್ತರಿ (ನಮ್ಮ ಭತ್ತದ ಸುಗ್ಗಿ ಹಬ್ಬ) ರಾತ್ರಿಯಿಂದ ಒಂದು ವಿಷಯ ತಲೆ ಕೊರೆಯುತ್ತಿದೆ, ಇಲ್ಲಿ ಹಾಕುತ್ತಿದ್ದೇನೆ.

ನಮ್ಮ ಗದ್ದೆ ಪಾಳು ಬಿದ್ದು ಒಂಬತ್ತು ವರ್ಷ ಆಯಿತು. ಮೇಲಿನ ಎರಡು ಮಡಿಗೆ ಅಪ್ಪ ಅಡಿಕೆ ಇಟ್ಟರು, ಕೆಳಗಿನದರಲ್ಲಿ ಆಳೆತ್ತರ ಹುಲ್ಲು. ಹಾಗಂತ ಹುತ್ತರಿ ಬಿಡಲಿಕ್ಕಾಗುತ್ತದೆಯೇ? ಕಕ್ಕಬ್ಬೆಯ ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ ಗಳಿಗೆ ಗೊತ್ತಾಯಿತು. ನೆರೆ ಕಟ್ಟುವುದು (ಶುಭದ ಎಲೆಗಳನ್ನು ಸೇರಿಸಿ ಕಟ್ಟುವ ಶಾಸ್ತ್ರ) ಎಷ್ಟಕ್ಕೆ, ಕದಿರು ತೆಗೆಯುವುದು ಎಷ್ಟಕ್ಕೆ ಎಂದು ವಾಟ್ಸಾಪಿಗೆ ಬಂತು. ನಾವು ಹನ್ನೊಂದು ಜನ ಎರಡು ಜೀಪಿನಲ್ಲಿ ನಾಲ್ಕು ಕಿಲೋಮೀಟರ್ ಆಚೆ ನೆಂಟರ ಗದ್ದೆಗೆ ಹೋದೆವು. ದೊಡ್ಡಪ್ಪ ಕೋವಿ ಹಾರಿಸಿದರು, ಕದಿರು ತೆಗೆದೆವು, ‘ಪೊಲಿ ಪೊಲಿ ದೇವಾ’ (ಬೆಳೆ ಹೆಚ್ಚಲಿ ದೇವರೇ) ಎಂದು ಕೂಗುತ್ತಲೇ ಜೀಪು ಹತ್ತಿದೆವು. ತಮ್ಮ ಗೇರ್ ಬದಲಾಯಿಸುತ್ತಾ ಪೊಲಿ ಪೊಲಿ ಅನ್ನುತ್ತಿದ್ದ. ನಗು ಬಂತು, ಆಮೇಲೆ ಬೇಜಾರೂ ಆಯಿತು.

ಮನೆಗೆ ಮುಟ್ಟುವಷ್ಟರಲ್ಲಿ ಹುಣ್ಣಿಮೆ ಚಂದ್ರನ ಮೇಲೆ ಮೋಡ. ಕಣದ ತುಂಬ ಅರೇಬಿಕಾ ಕಾಫಿ ಹರಡಿತ್ತು. ಎಲ್ಲರೂ ಟಾರ್ಪಾಲು ಮುಚ್ಚಲು ಓಡಿದರು. ಕದಿರು ಹೊತ್ತ ನಾನೊಬ್ಬ ಬಾಗಿಲಲ್ಲಿ ಉಳಿದೆ. ನಮ್ಮ ವರ್ಷದ ಅಕ್ಕಿ, ಮಕ್ಕಳ ಫೀಸು, ಬ್ಯಾಂಕಿನ ಕಂತು ಎಲ್ಲ ಇರುವುದು ಆ ಟಾರ್ಪಾಲಿನ ಅಡಿಯಲ್ಲಿ. ನಾನು ಹೊತ್ತು ನಿಂತದ್ದು ಮಾತ್ರ ಕಂಡವರ ಗದ್ದೆಯ ಭತ್ತ.

ಜನ ಬದುಕುವ ನೆಲ, ಮಾಡುವ ಕೆಲಸ ಇವೇ ಧರ್ಮವನ್ನು ರೂಪಿಸುತ್ತವೆ ಎಂದು ಓದಿದ್ದೇನೆ. ಕೊಡಗಿನಲ್ಲಿ ದೊಡ್ಡ ಕಾಫಿ ತೋಟಗಳು ಎದ್ದದ್ದು 1850ರ ದಶಕದಿಂದ. ಇಷ್ಟು ವರ್ಷ ಆದರೂ ಕಾಫಿಗೆ ಒಂದು ದೇವರಿಲ್ಲ, ಹಬ್ಬವಿಲ್ಲ, ಒಂದು ಹಾಡೂ ಇಲ್ಲ. ಯಾಕೆ?

ಇಂಚು_ಸೆಂಟು

ಕಾಫಿಗೆ ದೇವರಿಲ್ಲ ಅಂತ ಯಾರು ಹೇಳಿದ್ದು ಮಾರಾಯ್ರೆ? ಮಾರ್ಚ್ ಮುಗಿಯುತ್ತಾ ಬಂದು ಹೂಮಳೆ ಸುಳಿವಿಲ್ಲದಿದ್ದಾಗ ನಮ್ಮ ತೋಟಕ್ಕೆ ಬನ್ನಿ, ತೋರಿಸುತ್ತೇನೆ.

ಇಗ್ಗುತಪ್ಪ ಮಳೆಯ ದೇವರು. ನನ್ನ ಅಜ್ಜ ಕೇಳಿಕೊಳ್ಳುತ್ತಿದ್ದದ್ದು ಸಸಿಮಡಿಗೆ ಬೇಕಾದ ಜೂನ್ ಮಳೆಯನ್ನು. ನಾನು ಅದೇ ದೇವರ ಮುಂದೆ ಅದೇ ತೆಂಗಿನಕಾಯಿ ಒಡೆದು ಫೆಬ್ರವರಿ ಮಾರ್ಚಿನ ಮಳೆ ಕೇಳುತ್ತೇನೆ. ಒಂದು ಇಂಚು ಬಿದ್ದರೆ ರೋಬಸ್ಟಾ ಕಾಫಿ ಹೂ ಬಿಡುತ್ತದೆ, ಆಮೇಲೆ ಕಾಯಿ ಕಚ್ಚಲು ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ ಬೇಕು. ಬರೀ ಇಪ್ಪತ್ತು ಸೆಂಟು (ನೂರು ಸೆಂಟಿಗೆ ಒಂದು ಇಂಚು) ಬಿದ್ದು ನಿಂತರೆ ಇದ್ದ ಹೂವೂ ಹಾಳು. ಹೊಸ ದೇವರನ್ನು ಹುಡುಕುವ ಕಷ್ಟ ಯಾಕೆ, ಇರುವ ದೇವರಿಗೇ ತಿಂಗಳು ಬದಲಾಯಿಸಿಕೊಟ್ಟೆವು.

ಕೈಲ್‌ಪೊಳ್ದೂ ಹಾಗೇ. ನಾಟಿ ಮುಗಿಸಿ, ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡಿ ಬೇಟೆಗೆ ಹೊರಡುವ ಹಬ್ಬ ಅದು. 1972ರ ವನ್ಯಜೀವಿ ಕಾಯಿದೆ ಬಂದು ಬೇಟೆ ಹೋಯಿತು. ಸೆಪ್ಟೆಂಬರ್ 3ರ ಹಬ್ಬ ಹೋಗಲಿಲ್ಲ. ಈಗ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ, ಕಡಂಬುಟ್ಟಿಗೆ (ಅಕ್ಕಿ ಕಡುಬು) ಹಂದಿಮಾಂಸ ಅಂಗಡಿಯಿಂದ ಬರುತ್ತದೆ.

ಇನ್ನು ಕಾಫಿಯ ರೇಟು ಮಾತ್ರ ನಮ್ಮ ಯಾವ ದೇವರ ಕೈಲೂ ಇಲ್ಲ. ರೋಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್. ಆ ದಿಕ್ಕಿಗೆ ತಿರುಗಿ ಕೈಮುಗಿಯುವ ಪದ್ಧತಿ ನಮ್ಮಲ್ಲಿನ್ನೂ ಶುರುವಾಗಿಲ್ಲ.

ಮಡಿಕೇರಿ_ಮಂಜು

ಇಂಚು ಸೆಂಟು ಅವರ ಮಾತು ಸರಿ, ಆದರೆ ‘ಹಬ್ಬ ಯಾಕಿಲ್ಲ’ ಅನ್ನುವುದಕ್ಕೆ ಅದು ಉತ್ತರ ಆಗಲಿಲ್ಲ.

ಗದ್ದೆ ಮೆಟ್ಟಿಲು ಮೆಟ್ಟಿಲಾಗಿ ಇರುವ ಜಾಗದಲ್ಲಿ ಒಬ್ಬನೇ ತನ್ನಿಷ್ಟಕ್ಕೆ ಬೇಸಾಯ ಮಾಡಲಿಕ್ಕಾಗುವುದಿಲ್ಲ. ಮೇಲಿನವನು ನೀರು ಬಿಟ್ಟರೆ ಕೆಳಗಿನವನಿಗೆ ನಾಟಿ. ಒಬ್ಬನ ಭತ್ತ ಮೊದಲು ಬಲಿತರೆ ಊರಿನ ಗಿಳಿ, ಇಲಿ ಎಲ್ಲ ಅವನ ಗದ್ದೆಗೇ. ಹಾಗಾಗಿ ಎಲ್ಲರಿಗೂ ಒಂದೇ ದಿನ ಹೇಳುವವರು ಬೇಕು, ಆ ಮಾತಿಗೆ ಎದುರಾಡುವ ಹಾಗಿರಬಾರದು. ಬಾಲಿ ದ್ವೀಪದಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿನ ‘ಸುಬಕ್’ ಎಂಬ ರೈತರ ಕೂಟಗಳು ನೀರಿನ ದೇವಸ್ಥಾನಗಳಲ್ಲಿ ಸೇರಿ ಯಾರಿಗೆ ಯಾವಾಗ ನೀರು ಎಂದು ತೀರ್ಮಾನಿಸುತ್ತವೆ. 1970ರ ದಶಕದಲ್ಲಿ ಸರ್ಕಾರ ಹೊಸ ತಳಿ ಕೊಟ್ಟು, ದೇವಸ್ಥಾನದ ಲೆಕ್ಕ ಬಿಡಿ, ಆದಷ್ಟು ಸಲ ಬೆಳೆಯಿರಿ ಎಂದಿತು. ನೀರು ಸಾಲದೆ, ಕೀಟ ಮಿತಿಮೀರಿ ಬೆಳೆ ಕೆಟ್ಟಿತು. ಪೂಜೆಯ ಪಂಚಾಂಗದ ಒಳಗೇ ನೀರಿನ ಲೆಕ್ಕ ಕೂತಿತ್ತು ಎಂದು ಆಮೇಲೆ ಸ್ಟೀಫನ್ ಲ್ಯಾನ್ಸಿಂಗ್ ಎಂಬ ಮಾನವಶಾಸ್ತ್ರಜ್ಞ ತೋರಿಸಿಕೊಟ್ಟರು.

ಕಾಫಿಯಲ್ಲಿ ಈ ಗೋಜಿಲ್ಲ. ಪಕ್ಕದ ತೋಟದವನು ನವೆಂಬರಲ್ಲಿ ಕುಯ್ಯಲಿ, ಜನವರಿಯಲ್ಲಿ ಕುಯ್ಯಲಿ, ನನಗೇನು? ಬೇಲಿ ಹಾಕಿಕೊಂಡ ಬೆಳೆಗೆ ಊರಹಬ್ಬ ಹುಟ್ಟುವುದಿಲ್ಲ.

ಆದರೆ ಈ ವಾದವನ್ನು ತೀರಾ ಎಳೆಯಬಾರದು. 2014ರಲ್ಲಿ 583 ಸಮಾಜಗಳನ್ನು ಹೋಲಿಸಿದ ಒಂದು ಅಧ್ಯಯನ ಬಂತು: ಬದುಕು ಕಷ್ಟದ ಪರಿಸರದಲ್ಲಿ, ಮನುಷ್ಯನ ಸರಿತಪ್ಪು ನೋಡಿ ತೂಗುವ ಮಹಾದೇವರ ನಂಬಿಕೆ ಹೆಚ್ಚು ಕಾಣುತ್ತದೆ ಎಂದು. ಅವರೂ ಬರೀ ಹವಾಮಾನ ಎನ್ನಲಿಲ್ಲ. ಪಶುಪಾಲನೆ, ಆಳ್ವಿಕೆಯ ರೀತಿ ಎಲ್ಲ ಸೇರಿಸಿಕೊಂಡಿದ್ದರು. ನಮ್ಮಲ್ಲೇ ನೋಡಿ. ಕಕ್ಕಬ್ಬೆಯ ಇಗ್ಗುತಪ್ಪನ ಮೇಲೂ ಎಮ್ಮೆಮಾಡು ದರ್ಗಾದ ಮೇಲೂ ಸುರಿಯುವುದು ಒಂದೇ ಮಳೆ. ಇಗ್ಗುತಪ್ಪನೇ ಮಲೆಯಾಳದಿಂದ ಬಂದವನು ಎನ್ನುತ್ತದೆ ಕಥೆ. ದೇವರುಗಳು ಮಣ್ಣಿಂದ ಮಾತ್ರ ಏಳುವುದಿಲ್ಲ, ಘಟ್ಟ ಹತ್ತಿಯೂ ಬರುತ್ತಾರೆ.

ತಿತಿಮತಿ_ಹುಡುಗ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಪಾಳುಗದ್ದೆ ಸಾರ್, ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಟಾರ್ಪಾಲು ಮುಚ್ಚಲು ‘ಎಲ್ಲರೂ’ ಓಡಿದರು ಅಂದಿರಲ್ಲ, ಆ ಎಲ್ಲರೂ ಯಾರು?

ನಾವು ಹಾಡಿಯವರು, ಕಾಡಿನ ಬುಡಕಟ್ಟು ಜನ. ಕಾಫಿ ಕುಯ್ಯುವುದು ನಾವು, ಕಿಲೋ ಲೆಕ್ಕದಲ್ಲಿ ಕೂಲಿ. ನಮಗೂ ಹಬ್ಬ ಉಂಟು. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬ. ಬೇಟೆ ಅಯ್ಯಪ್ಪ ನಮ್ಮವರನ್ನು ಕಾಡಿಗೆ ಕರೆದುಕೊಂಡು ಹೋಗಿ, ಅಲ್ಲಿ ಭದ್ರಕಾಳಿಯ ಹಿಂದೆ ಬಿದ್ದು ನಮ್ಮನ್ನು ನಡುಕಾಡಲ್ಲಿ ಬಿಟ್ಟುಹೋದನಂತೆ. ಆ ಸಿಟ್ಟಿಗೆ ವರ್ಷಕ್ಕೊಂದು ಸಲ ಅವನನ್ನು ಬಾಯಿಗೆ ಬಂದ ಹಾಗೆ ಬೈಯುತ್ತೇವೆ. ಗಂಡಸರು ಸೀರೆ ಉಟ್ಟು, ಪ್ಲಾಸ್ಟಿಕ್ ಕ್ಯಾನು ಬಡಿದುಕೊಂಡು, ದಾರಿಯಲ್ಲಿ ಸಿಕ್ಕವರನ್ನೂ ಬೈದು ದುಡ್ಡು ಕೇಳುತ್ತೇವೆ. ಆವತ್ತು ತೋಟದ ಯಜಮಾನರೂ ನಕ್ಕು ಕೊಡುತ್ತಾರೆ. ಮಾರನೇ ದಿನ ಮತ್ತೆ ತೋಟದ ಕೂಲಿಯವರ ಅದೇ ಲೈನ್ ಮನೆ, ಅದೇ ಕೆಲಸ.

ಮಳೆ, ಕಾಡು ಮಾತ್ರ ಪರಿಸರವಾ? ಯಾರ ಕೈಕೆಳಗೆ ದುಡಿಯುತ್ತೇವೆ ಅನ್ನುವುದೂ ಪರಿಸರವೇ ಅಲ್ಲವಾ? ಅಯ್ಯಪ್ಪನ ದೇವರಕಾಡಲ್ಲಿ ಹರಕೆಯ ಮಣ್ಣಿನ ನಾಯಿಗಳು ಇನ್ನೂ ಕೂತಿವೆ, ಅವುಗಳ ಸುತ್ತ ಕಾಡು ಎಷ್ಟು ಉಳಿದಿದೆ? 1873ರಲ್ಲಿ ಕೊಡಗಿನ ದೇವರಕಾಡು 15,000 ಎಕರೆಗೂ ಹೆಚ್ಚಿತ್ತು, 1985ಕ್ಕೆ 6,300ರ ಹತ್ತಿರ ಬಂದಿತ್ತು. ಅದರಲ್ಲಿ ಕಾಫಿ ತಿಂದದ್ದೂ ಉಂಟು. ಕಾಫಿಗೆ ದೇವರು ಯಾಕಿಲ್ಲ ಅಂತ ಕೇಳುವಾಗ ಇದನ್ನೂ ಬರೆಯಿರಿ.

ಪಾಳುಗದ್ದೆ

ಬೇಜಾರೇನಿಲ್ಲ ತಮ್ಮಾ. ಮೊದಲು ಓಡಿದವರು ಲೈನ್ ಮನೆಯ ಇಬ್ಬರು, ಹಿಂದಿನಿಂದ ನಮ್ಮವರು. ಬರೆಯುವಾಗ ಆ ಇಬ್ಬರು ನನ್ನ ಕಣ್ಣಿಗೇ ಬೀಳಲಿಲ್ಲ. ಆಮೇಲೆ ಪಾಯಸ ಬಡಿಸುವಾಗಲೂ ಅವರಿದ್ದರೋ ಇಲ್ಲವೋ ನೆನಪಾಗುತ್ತಿಲ್ಲ.

ನಿನ್ನೆ ಇದನ್ನೆಲ್ಲ ಅಜ್ಜಿಗೆ ಓದಿ ಹೇಳಿದೆ. ಬಾಲಿ ವಿಷಯಕ್ಕೆ ‘ಹೌದಾ’ ಅಂದರು, ಅಷ್ಟೆ. ಆಮೇಲೆ ಎಲೆ ಅಡಿಕೆ ಕುಟ್ಟುತ್ತಾ ಹೇಳಿದ್ದು ಇದು: “ಯಾರ ಗದ್ದೆಯಲ್ಲಿ ಎಷ್ಟು ಭತ್ತ ಅಂತ ಬದುವಲ್ಲಿ ನಿಂತರೆ ಊರಿಗೇ ಕಾಣ್ತಿತ್ತು. ಕಾಫಿ ಎಷ್ಟು ಮೂಟೆ ಆಯ್ತು ಅಂತ ನಿನ್ನಪ್ಪ ಸ್ವಂತ ತಮ್ಮನಿಗೆ ಹೇಳ್ತಾನಾ? ಮುಚ್ಚಿಟ್ಟ ಬೆಳೆಗೆ ಪೊಲಿ ಪೊಲಿ ಅಂತ ಹೇಗೆ ಕೂಗೋದು?”

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ಅಂದ ಹಾಗೆ ಕೆಳಗಿನ ಮಡಿಯ ಹುಲ್ಲು ಹೊಡೆಸಿ, ಕದಿರಿಗೆ ಸಾಕಾಗುವಷ್ಟು, ಒಂದು ಐದು ಸೆಂಟು ಜಾಗದಲ್ಲಿ ಈ ವರ್ಷ ನಾಟಿ ಮಾಡೋಣ ಅಂತಿದ್ದೇನೆ. ಯಾರ ಹತ್ತಿರವಾದರೂ ಬೀಜದ ಭತ್ತ ಉಂಟಾ?

ಇಂಚು_ಸೆಂಟು

ಇಂಟಾನ್ ತಳಿ ಉಂಟು, ಮೇ ಕೊನೆಗೆ ಬಂದು ತೆಗೆದುಕೊಂಡು ಹೋಗಿ. ದುಡ್ಡು ಬೇಡ. ಹಂದಿ, ಆನೆ ಕಾಯುವುದು ನಿಮಗೆ ಬಿಟ್ಟದ್ದು.