ಹೆಂಡತಿ ಮೇಲೆ ಕೈ ಎತ್ತುವವನನ್ನು ತಡೆಯುವುದು ಏನು?

ಹಾಸನದ_ಹುಡುಗಿ:
ಭಾವ ಕುಡಿದು ಬಂದು ಅಕ್ಕನಿಗೆ ಹೊಡೆಯುತ್ತಾರೆ. ಮೊನ್ನೆ ಬಳೆ ಒಡೆದು ಕೈ ಕೊಯ್ದಿತ್ತು, ಅಕ್ಕ ಉದ್ದ ತೋಳಿನ ರವಿಕೆ ಹಾಕಿಕೊಂಡು ಮದುವೆಗೆ ಬಂದಳು. ಅಮ್ಮ "ಒಂದು ಮಗು ಆದರೆ ಎಲ್ಲಾ ಸರಿಹೋಗುತ್ತೆ, ಹೊಂದಿಕೊಂಡು ಹೋಗು" ಅಂತಾರೆ. ಕುಡಿತ ಬಿಡಿಸಿದರೆ ಸಾಕಾ? ಪೊಲೀಸರಿಗೆ ಹೇಳಿದರೆ ಹೊಡೆತ ಇನ್ನೂ ಜಾಸ್ತಿ ಆಗುತ್ತಾ?

ಶಾಂತಲಾ_ಮೈಸೂರು:
ಕುಡಿತ ಬಿಡಿಸಿ, ಬೇಡ ಅನ್ನಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಆಗಾಗ ಕುಡಿದು ಬರುವವರ ಹೆಂಡತಿಯರಲ್ಲಿ ನೂರಕ್ಕೆ 70 ಜನ ಹಿಂಸೆ ಅನುಭವಿಸಿದ್ದರು. ಆದರೆ ಕುಡಿಯದವರ ಮನೆಯಲ್ಲೂ 23. ಬಾಟಲಿ ಹೋದರೂ ಕೈ ಉಳಿಯುತ್ತೆ ಅಲ್ವಾ? ಅವಳು ಎದ್ದು ಹೋಗಬಲ್ಲಳು ಅಂತ ಗಂಡನಿಗೆ ಖಾತ್ರಿ ಆಗಬೇಕು, ತಡೆಯುವುದು ಅದೇ. ತಿರುವನಂತಪುರದಲ್ಲಿ ಸಂಶೋಧಕರಾದ ಬೀನಾ ಅಗರ್‌ವಾಲ್, ಪ್ರದೀಪ್ ಪಂಡಾ ಇದನ್ನೇ ಅಧ್ಯಯನ ಮಾಡಿದ್ದರು. ಆಸ್ತಿ ಇಲ್ಲದ ಹೆಂಗಸರಲ್ಲಿ ನೂರಕ್ಕೆ 49 ಜನ ಏಟು ತಿಂದಿದ್ದರು, ಜಮೀನು ಮನೆ ಎರಡೂ ತಮ್ಮ ಹೆಸರಲ್ಲಿದ್ದವರಲ್ಲಿ 7. ನಿಮ್ಮ ಅಪ್ಪ ಅಳಿಯನ ಎದುರು ನಿಂತು "ಇವಳ ಕೋಣೆ ನಮ್ಮ ಮನೆಯಲ್ಲಿ ಹಾಗೇ ಇದೆ" ಅಂತ ಹೇಳಲಿ. ಅಮ್ಮನ ಮಾತು ಭಾವನಿಗೆ ಧೈರ್ಯ ಕೊಡುತ್ತಿದೆ, ಬೇಜಾರು ಮಾಡಿಕೊಳ್ಳಬೇಡಿ.

ವಕೀಲ_ತುಮಕೂರು:
ಪೊಲೀಸರ ಬಗ್ಗೆ ನಿಮ್ಮ ಭಯ ಸುಮ್ನೆ ಅಲ್ಲ. ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ 80ರ ದಶಕದಲ್ಲಿ ಬಂಧಿಸಿ ನೋಡಿದಾಗ ಮತ್ತೆ ಹೊಡೆಯುವುದು ಕಡಿಮೆ ಆಯಿತು, ಆದರೆ ಆಮೇಲೆ ಮಿಲ್ವಾಕಿಯಲ್ಲಿ ಕೆಲಸ ಇಲ್ಲದವರು ಬಿಡುಗಡೆ ಆದ ಮೇಲೆ ಜಾಸ್ತಿಯೇ ಹೊಡೆದರು. ಕಳೆದುಕೊಳ್ಳೋಕೆ ಏನಾದರೂ ಇರುವವನು ಹೆದರುತ್ತಾನೆ. ಅದಕ್ಕೇ ಅಕ್ಕನನ್ನು ಮೊದಲು ಸುರಕ್ಷಿತ ಜಾಗಕ್ಕೆ ಕರೆತನ್ನಿ, ದೂರು ಆಮೇಲೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಕೋರ್ಟಿನಿಂದ ರಕ್ಷಣಾ ಆದೇಶ ಕೊಡಿಸಲು ನೆರವಾಗುತ್ತಾರೆ. ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು ಆಗಬಹುದು.

ಕೆರೆ_ಏರಿ:
ಅಕ್ಕಪಕ್ಕದವರಿಗೂ ಹೇಳಿ, ಮುಚ್ಚಿಡಬೇಡಿ. ನಮ್ಮ ವಠಾರದಲ್ಲಿ ಒಬ್ಬ ರಾತ್ರಿ ಬಾಗಿಲು ಹಾಕಿಕೊಂಡು ಹೊಡೆಯುತ್ತಿದ್ದ. ಎದುರು ಮನೆ ಅಜ್ಜಿ ಸದ್ದು ಕೇಳಿದ ಕೂಡಲೇ ಬಟ್ಟಲು ಹಿಡಿದು ಸಕ್ಕರೆ ಕೇಳಲು ಹೋಗೋರು. ಆಮೇಲೆ ನಾವೂ ಒಬ್ಬೊಬ್ಬರೇ ಹೋಗತೊಡಗಿದೆವು. ಅವನು ಪೂರ್ತಿ ಬದಲಾದ ಅಂತ ಹೇಳಲ್ಲ, ಆದರೆ ಯಾರೂ ಕೇಳಲ್ಲ ಅನ್ನೋ ಧೈರ್ಯ ಹೋಯಿತು.

ಹಾಸನದ_ಹುಡುಗಿ:
ಅಪ್ಪನ ಹತ್ತಿರ ಇವತ್ತೇ ಮಾತಾಡುತ್ತೇನೆ. ಅಕ್ಕನ ಒಡವೆ, ಮಾರ್ಕ್ಸ್ ಕಾರ್ಡು ಎಲ್ಲಾ ಭಾವನ ಬೀರುವಿನಲ್ಲಿವೆ, ಏನು ಮಾಡೋದು?

ವಕೀಲ_ತುಮಕೂರು:
ಅದಕ್ಕೋಸ್ಕರ ಅಲ್ಲಿ ಕಾಯಬೇಡಿ. ಸ್ತ್ರೀಧನ ವಾಪಸ್ ಕೊಡಿ ಅಂತ ಅದೇ ಕಾಯ್ದೆಯಡಿ ಕೋರ್ಟ್ ಆದೇಶ ಮಾಡುತ್ತೆ. ಒಡವೆ ಹಾಕಿಕೊಂಡಿರುವ ಮದುವೆ ಫೋಟೋ ಹುಡುಕಿ ಇಟ್ಟುಕೊಳ್ಳಿ.