ಒಂದು ತಿಂಗಳು ಮುಚ್ಚಿಟ್ಟ ಕಂಪ್ಯೂಟರ್ ಶುರುವಾಗುತ್ತಿಲ್ಲ, ಒಳಗೆ ಅಪ್ಪನ ಬರಹವಿದೆ

ಡೊಂಬಿವಲಿ ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮನೆ ಡೊಂಬಿವಲಿ ಪೂರ್ವದಲ್ಲಿ. ಜೂನ್ ಕೊನೆಗೆ ಬೀಗ ಹಾಕಿ ಕುಂದಾಪುರಕ್ಕೆ ಹೋಗಿದ್ದೆವು. ತಿಂಗಳು ಬಿಟ್ಟು ಬಂದರೆ ಗೋಡೆಯೆಲ್ಲ ಒದ್ದೆ, ಕಪಾಟಿನ ಸೀರೆಗೂ ಬೂಷ್ಟು. ಕಂಪ್ಯೂಟರ್ ಇರುವುದು ಕಿಟಕಿ ಪಕ್ಕದ ಮೇಜಿನ ಕೆಳಗೆ. ಬಟನ್ ಒತ್ತಿದರೆ ಫ್ಯಾನ್ ಮೂರು ಸೆಕೆಂಡು ತಿರುಗಿ ನಿಲ್ಲುತ್ತದೆ. ಆಮೇಲೆ ತಾನಾಗೇ ಮತ್ತೆ ತಿರುಗುತ್ತದೆ, ಮತ್ತೆ ನಿಲ್ಲುತ್ತದೆ. ಮಾನಿಟರ್‌ನಲ್ಲಿ 'ನೋ ಸಿಗ್ನಲ್'. ಬೀಪ್ ಸದ್ದಿಲ್ಲ.

2013ರಲ್ಲಿ ಅಪ್ಪ ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಯಲ್ಲಿ ಎದುರಿಗೇ ನಿಂತು ಜೋಡಿಸಿಕೊಂಡು ತಂದದ್ದು. 4 ಜಿಬಿಯ ಎರಡು ರ‍್ಯಾಮ್ (ಮೆಮೊರಿ ಕಡ್ಡಿಗಳು), ಡಿಡಿಆರ್3 ಮಾದರಿ. ಹತ್ತಿರದ ಅಂಗಡಿಯವರು ಒಮ್ಮೆ ಬಟನ್ ಒತ್ತಿ ನೋಡಿ, ಒಳಗಿನ ಮದರ್‌ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ ಅಂದರು. ಫೈಲುಗಳ ಬಗ್ಗೆ ಕೇಳಿದರೆ, ಎಲ್ಲ ಫಾರ್ಮ್ಯಾಟ್ ಆಗುತ್ತೆ ಅಂದುಬಿಟ್ಟರು. ಪೆಟ್ಟಿಗೆ ತೆರೆದು ಕೂಡ ನೋಡಲಿಲ್ಲ.

ನನಗೆ ಪೆಟ್ಟಿಗೆಯ ಚಿಂತೆ ಇಲ್ಲ. ಅಪ್ಪ ಹಗಲು ಫೋರ್ಟ್‌ನ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕನ್ನಡ ಓದಿದವರು. ಆ ದಿನಗಳನ್ನೆಲ್ಲ 'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲಿ ಒಂದೇ ಬೆರಳಿನಿಂದ ಟೈಪ್ ಮಾಡಿಟ್ಟಿದ್ದರು, ಸುಮಾರು 140 ಪುಟ. ಅವರು ಹೋಗಿ ಎರಡು ವರ್ಷವಾಯಿತು. ಬೇರೆಲ್ಲೂ ಕಾಪಿ ಇಲ್ಲ. ಅದು ಉಳಿಯುತ್ತದಾ?

ಥಾಣೆಯ ತಮ್ಮ:
ಅಕ್ಕಾ, ಧೈರ್ಯವಾಗಿರಿ. ಬರಹ ಇರುವುದು ಹಾರ್ಡ್ ಡಿಸ್ಕ್‌ನಲ್ಲಿ, ಬೋರ್ಡಿನಲ್ಲಲ್ಲ. ಬೋರ್ಡ್ ಹೋದರೂ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಓದಬಹುದು. ಡಿಸ್ಕಿನ ಸಾಟಾ ಕಿಂಡಿಯಿಂದ ಯುಎಸ್‌ಬಿಗೆ ಹೋಗುವ ಕೇಬಲ್ ಸಿಗುತ್ತದೆ. ನಿಮ್ಮದು 3.5 ಇಂಚಿನ ದೊಡ್ಡ ಡಿಸ್ಕ್ ಇರಬೇಕು, ಅದಕ್ಕೆ 12 ವೋಲ್ಟ್ ಬೇಕು. ಹಾಗಾಗಿ ಅಡಾಪ್ಟರ್ ಜೊತೆಗೆ ಬರುವ ಕೇಬಲ್ಲೇ ತಗೊಳ್ಳಿ. ಜೋಡಿಸಿದಾಗ 'ಫಾರ್ಮ್ಯಾಟ್ ಮಾಡಲಾ' ಅಂತ ವಿಂಡೋಸ್ ಕೇಳಿದರೆ ಒಪ್ಪಲೇಬೇಡಿ. ಡಿಸ್ಕ್ ತೆಗೆದಿಟ್ಟುಕೊಳ್ಳದೆ ಪೆಟ್ಟಿಗೆಯನ್ನು ಯಾರ ಕೈಗೂ ಕೊಡಬೇಡಿ.

ಮಾಟುಂಗಾ ರಿಪೇರಿ:
ತಂಗೀ, ಮಳೆಗಾಲದಲ್ಲಿ ನನ್ನ ಹತ್ತಿರ ಬರುವುದರಲ್ಲಿ ಇಂಥವೇ ಜಾಸ್ತಿ. ಬೋರ್ಡ್ ಹೋಗಿದೆ ಅಂತ ಈಗಲೇ ನಂಬಬೇಡ. ರ‍್ಯಾಮ್‌ನ ಅಂಚಿನಲ್ಲಿ ಚಿನ್ನದ ಬಣ್ಣದ ಸಣ್ಣ ಸಣ್ಣ ಪಟ್ಟಿಗಳಿರುತ್ತವೆ. ತೇವಕ್ಕೆ ಅವು ಮಂಕಾದರೆ ಬೋರ್ಡಿಗೆ ರ‍್ಯಾಮ್ ಕಾಣುವುದೇ ಇಲ್ಲ. ಆಗ ನೀನು ಹೇಳಿದ ಹಾಗೆಯೇ ಶುರುವಾಗುವುದು, ನಿಲ್ಲುವುದು.

ಗೋಡೆಯ ಸ್ವಿಚ್ ಆರಿಸು, ವೈರನ್ನೂ ಕಿತ್ತಿಡು. ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿ, ಒಳಗೆ ಉಳಿದ ಕರೆಂಟ್ ಇಳಿಯಲಿ. ಪೆಟ್ಟಿಗೆಯ ತಗಡನ್ನು ಕೈಯಿಂದ ಮುಟ್ಟಿ, ಆಮೇಲೆ ರ‍್ಯಾಮ್ ಹೊರಗೆ ತೆಗೆ. ಮಕ್ಕಳ ಬಿಳಿ ಪೆನ್ಸಿಲ್ ರಬ್ಬರಿನಿಂದ ಆ ಪಟ್ಟಿಗಳನ್ನು ಮೆಲ್ಲಗೆ ಉಜ್ಜು. ಇಂಕ್ ಅಳಿಸುವ ಒರಟು ರಬ್ಬರ್ ಬೇಡ, ಲೇಪವೇ ಕಿತ್ತು ಬರುತ್ತದೆ. ರಬ್ಬರಿನ ಪುಡಿ ಸ್ಲಾಟಿಗೆ ಬೀಳದ ಹಾಗೆ ದೂರದಲ್ಲಿ ಒರೆಸು. ಒಂದೇ ರ‍್ಯಾಮ್ ಹಾಕು, ಕ್ಲಿಪ್ ಟಕ್ ಅನ್ನುವವರೆಗೆ ಒತ್ತು. ಶುರುವಾಗದಿದ್ದರೆ ಸ್ಲಾಟ್ ಬದಲಿಸು, ಆಮೇಲೆ ಇನ್ನೊಂದು ರ‍್ಯಾಮ್ ನೋಡು.

ಎಸ್‌ಎಂಪಿಎಸ್ ಅನ್ನುವ, ಒಳಗೆ ಕರೆಂಟ್ ಹಂಚುವ ಡಬ್ಬಿಯನ್ನು ಮಾತ್ರ ಬಿಚ್ಚಬೇಡ. ವೈರ್ ಕಿತ್ತಮೇಲೂ ಅದರ ಕೆಪಾಸಿಟರ್‌ನಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಡೊಂಬಿವಲಿ ಮಗಳು:
ಅಣ್ಣಾ, ಬಂತು! ಮಗಳ ಕಂಪಾಸ್ ಪೆಟ್ಟಿಗೆಯ ರಬ್ಬರಿನಿಂದಲೇ ಉಜ್ಜಿದೆ, ರಬ್ಬರ್ ಕಪ್ಪಾಯಿತು. ಮೊದಲ ರ‍್ಯಾಮ್ ಹಾಕಿದಾಗ ಏನೂ ಆಗಲಿಲ್ಲ. ಎರಡನೆಯದಕ್ಕೆ ಪರದೆ ಬೆಳಗಿತು. ಕೈ ನಡುಗುತ್ತಿತ್ತು. ಎಲ್ಲಕ್ಕಿಂತ ಮೊದಲು ಅಪ್ಪನ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿದೆ.

ಎರಡು ಸಂಶಯ. ತಾರೀಕು 2012 ಅಂತ ತೋರಿಸುತ್ತಿದೆ, ಯಾವ ವೆಬ್‌ಸೈಟೂ ತೆರೆಯುತ್ತಿಲ್ಲ. ಇನ್ನೊಂದು, ಅದೇ ಫೈಲನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಕನ್ನಡವೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಹಾಳಾಗಿದೆಯಾ?

ಮಾಟುಂಗಾ ರಿಪೇರಿ:
ತಾರೀಕು ತಪ್ಪಿದ್ದು ಬೋರ್ಡಿನ ಬಟನ್ ಸೆಲ್ ಮುಗಿದಿದ್ದಕ್ಕೆ. ಸಿಆರ್2032, 3 ವೋಲ್ಟ್, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಬದಲಿಸಿ ತಾರೀಕು ಸರಿಮಾಡು, ವೆಬ್‌ಸೈಟುಗಳೂ ತೆರೆಯುತ್ತವೆ. ಮುಂದಿನ ಮಳೆಗಾಲದಲ್ಲಿ ಮನೆಯಲ್ಲಿದ್ದಾಗ ವಾರಕ್ಕೆ ಎರಡು ಸಲವಾದರೂ ಅರ್ಧ ಗಂಟೆ ಚಾಲೂ ಇಡು.

ಥಾಣೆಯ ತಮ್ಮ:
ಫೈಲ್ ಹಾಳಾಗಿಲ್ಲ ಅಕ್ಕಾ. ಹಳೆಯ ನುಡಿ ಬರಹ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ. ಆ ಫಾಂಟ್ ಇಲ್ಲದ ಕಡೆ ಹಾಗೆಯೇ ಕಾಣುತ್ತದೆ. ಲ್ಯಾಪ್‌ಟಾಪ್‌ಗೂ ನುಡಿ ಫಾಂಟ್ ಹಾಕಿ, ಇಲ್ಲವೇ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಬಳಸಿ. ಬದಲಿಸಿದಾಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ತಪ್ಪಬಹುದು, ಕೂತು ಓದಿ ತಿದ್ದಬೇಕು. ಮೂಲ ಫೈಲ್ ಅಳಿಸಬೇಡಿ.

ಡೊಂಬಿವಲಿ ಮಗಳು:
ಫಾಂಟ್ ಹಾಕಿದೆ, ಅಪ್ಪನ ಕನ್ನಡ ಬಂತು. ಒಂದು ಪ್ರತಿಯನ್ನು ಪುಣೆಯ ತಮ್ಮನಿಗೂ ಕಳಿಸಿದ್ದೇನೆ. ಸೆಲ್ ನಾಳೆ ತರುತ್ತೇನೆ. ತಿದ್ದುವ ಕೆಲಸ ಇವತ್ತು ರಾತ್ರಿಯಿಂದಲೇ, ದಿನಕ್ಕೆ ಎರಡು ಪುಟ.